ಬಾಗಿಲ ಹಲಗೆಯ ಮೇಲಿನ ಅಂಕಿ

ಬಾಯವ್ವ ಸೀರೆಯ ಅಂಚಿನ ದಡಿಯನ್ನು ಮಗುಚಿ ಅಂಗಡಿಯ ಜಮಖಾನೆಯ ಮೇಲೆ ಹಾಸಿದಳು. ಬಲಗಾಲನ್ನು ಅದರ ಮೇಲೆ ಊರಿ ಮೆಲ್ಲಗೆ ಹಿಂದಕ್ಕೆ ಎಳೆದಳು. ಕಾಲುಂಗುರಕ್ಕೆ ಎಳೆಗಳು ಸಿಕ್ಕಿಕೊಂಡವು. ಕಾಲೆತ್ತಿದಾಗ ಸೀರೆಯೂ ಜೊತೆಗೇ ಎದ್ದಿತು.

“ನೋಡ್ರಿ ಸಾವಕಾರ್ರ. ಉಟ್ಟಾಕಿ ನಾಕ ಹೆಜ್ಜಿ ಇಟ್ರ ಹಿಂಗ ಆಕ್ಕೇತಿ. ಇದಕ್ಕ ನನಗ ಬೈದ್ರ ಏನ ಬಂತು? ಕಾರ್ಡಿನ್ಯಾಗ ಹ್ಯಾಂಗ ತೂತ ಅದಾವೋ ಹಂಗ ಮಗ್ಗ ನೇಯತೈತಿ.”

ರಾಮದುರ್ಗದ ಪೇಟೆಯಲ್ಲಿ ಅಂದಾನೆಪ್ಪನದು ಹಳೆಯ ಸೀರೆ ಅಂಗಡಿ. ಸುರೇಬಾನದ ನೇಕಾರರಿಗೆ ನೂಲು ಕೊಟ್ಟು, ನೇಯ್ದ ಸೀರೆ ತೆಗೆದುಕೊಳ್ಳುವುದು ಅವನ ವ್ಯಾಪಾರ. ಬಾಯವ್ವ ಆ ನೇಕಾರರಲ್ಲಿ ಒಬ್ಬಳು. ಅಂದಾನೆಪ್ಪ ಬಾಗಿಲ ಬಳಿ ನಿಂತಿದ್ದ ಅನ್ನಪೂರ್ಣಾಳ ಕಡೆ ತಿರುಗಿದ. ಆ ದಡಿಯ ಡಿಸೈನ್ ಮಾಡಿದವಳು ಅವಳು.

“ಕಂಪ್ಯೂಟರಿನ್ಯಾಗ ಚಿತ್ರಾ ತಗಿಯೂದ ಬ್ಯಾರೆ, ಮಗ್ಗಾ ಬ್ಯಾರೆ ತಂಗಿ. ನಮ್ಮ ಹಳೇ ಮಾಸ್ತರ ಚೌಕಳಿ ಹಾಳಿ ಮ್ಯಾಲ ಬರಕೊಡತಿದ್ದಾ. ಒಂದ ದಿನಾ ಹಿಂಗ ಆಗಿರಲಿಲ್ಲ.”

ಅನ್ನಪೂರ್ಣಾ ಕೆಳಗೆ ಕುಳಿತು ದಡಿಯ ಬೆನ್ನನ್ನು ಬೆರಳಿಂದ ಸವರಿದಳು. ಹೂವಿನ ಎಸಳಿನ ಉದ್ದಕ್ಕೂ ರೇಷ್ಮೆ ಎಳೆಗಳು ಎಲ್ಲಿಯೂ ಕಟ್ಟಿಲ್ಲದೆ ಜೋತು ಬಿದ್ದಿದ್ದವು. ಉದ್ದನೆಯ ಎಳೆಯನ್ನು ನಡುನಡುವೆ ಬಟ್ಟೆಗೆ ಕಚ್ಚಿಸಲು ಡಿಸೈನ್ ಮಾಡುವವರು ಅಲ್ಲಲ್ಲಿ ಒಂದೊಂದು ಚುಕ್ಕಿ ಇಡುತ್ತಾರೆ. ನೇಕಾರರು ಅದಕ್ಕೆ ಕಟ್ಟು ಎನ್ನುತ್ತಾರೆ. ಆ ಹೂವಿಗೆ ಅವಳು ಕಟ್ಟು ಇಟ್ಟಿದ್ದಳು. ಇಲ್ಲಿ ಅವು ಇರಲಿಲ್ಲ.

“ಸಾವಕಾರ್ರ, ನಾ ಇದಕ್ಕ ಕಟ್ಟ ಹಾಕಿದ್ದೆ. ಯಾರೋ ತಗದಾರ.”

“ಯಾರ ತಗೀತಾರ?”

“ಕಾರ್ಡ ಹೊಡದಾವ್ರು.”

ಕಾರ್ಡು ಹೊಡೆದವನು ಬೈಲಹೊಂಗಲದ ವಿರೂಪಾಕ್ಷ. ಫ್ಲಾಪಿಯಲ್ಲಿ ಹೋದ ಡಿಸೈನನ್ನು ಅವನ ಯಂತ್ರ ರಟ್ಟಿನ ಕಾರ್ಡುಗಳಲ್ಲಿ ತೂತಾಗಿ ಹೊಡೆಯುತ್ತಿತ್ತು. ಆ ಕಾರ್ಡುಗಳ ಸರ ಮಗ್ಗದ ಮೇಲೇರಿ ಯಾವ ಎಳೆ ಏಳಬೇಕು, ಯಾವುದು ಕೂರಬೇಕು ಎಂದು ಹೇಳುತ್ತಿತ್ತು. ವಿರೂಪಾಕ್ಷ ಅಂದಾನೆಪ್ಪನ ಅಕ್ಕನ ಮಗನೂ ಹೌದು. ಅವನಿಗೇ ಮಗಳನ್ನು ಕೊಡುವ ಮಾತು ಎರಡೂ ಮನೆಗಳಲ್ಲಿ ನಡೆದಿತ್ತು.

ಅಂದಾನೆಪ್ಪ ಅಲ್ಲಿಂದಲೇ ಫೋನ್ ಹಚ್ಚಿದ. ಆ ಕಡೆಯ ಧ್ವನಿ ಅಂಗಡಿಯಲ್ಲಿದ್ದವರಿಗೆಲ್ಲ ಕೇಳಿಸಿತು. “ಬಂದಿದ್ದ ಹಂಗ ಹೊಡದೇನಿ ಮಾವಾ. ಮಷಿನ್ ಏನ್ ತನ್ನ ಮನಸಿಗೆ ಬಂದಂಗ ಹೊಡಿತೈತೇನು?”

ಅಂದಾನೆಪ್ಪ ಫೋನ್ ಇಟ್ಟು, ತೀರ್ಪು ಮುಗಿಯಿತು ಎಂಬಂತೆ ಸೀರೆ ಮಡಚತೊಡಗಿದ.

ಅನ್ನಪೂರ್ಣಾ ಸಿಟ್ಟಿನ ಹೆಂಗಸು. ರಾಮದುರ್ಗದಲ್ಲಿ ಅವಳನ್ನು ಬಲ್ಲ ಯಾರನ್ನು ಕೇಳಿದರೂ ಮೊದಲು ಹೇಳುವುದು ಇದನ್ನೇ. ನೇಕಾರರ ಮನೆಯಲ್ಲಿ ಹುಟ್ಟಿದವಳು. ಅಪ್ಪನ ಮಗ್ಗದ ಕುಣಿಯ ಅಂಚಿನಲ್ಲಿ ಕುಳಿತು ಸಾಲಿ ಅಭ್ಯಾಸ ಮಾಡಿದವಳು. ತೊಂಬತ್ತರ ದಶಕದ ನಡುವಿನಲ್ಲಿ ಬೆಳಗಾವಿಗೆ ಹೋಗಿ ಕಂಪ್ಯೂಟರ್ ಡಿಪ್ಲೊಮಾ ಮುಗಿಸಿ, ಊರಿಗೆ ಮರಳಿ, ಟೈಪಿಂಗ್ ಕ್ಲಾಸಿನ ಮಾಳಿಗೆಯ ಮೇಲೆ ಹೊಸದಾಗಿ ತೆರೆದ ಕಂಪ್ಯೂಟರ್ ತರಗತಿಗೆ ಟೀಚರ್ ಆದಳು. ದಡಿಯ ಹೂವುಗಳನ್ನು ಪರದೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಇಡಬಹುದು ಎಂಬುದು ಹೊಳೆದಾಗ ಅವಳಿಗೆ ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಒಂದು ಚುಕ್ಕಿ ಎಂದರೆ ಒಂದು ಎಳೆ ಏಳುವುದು. ಮಗ್ಗವೂ ಗೊತ್ತಿತ್ತು, ಯಂತ್ರವೂ ಗೊತ್ತಿತ್ತು. ಎರಡು ವರ್ಷದಲ್ಲಿ ಸುರೇಬಾನದ ಕಾರ್ಡು ಹಾಕುವ ಜಕಾರ್ಡ್ ಮಗ್ಗಗಳ ಮೇಲೆ ಅವಳ ದಡಿಗಳೇ ಓಡುತ್ತಿದ್ದವು. ‘ಅನ್ನಪೂರ್ಣಾನ ದಡಿ’ ಎಂದು ಹೆಣ್ಣುಮಕ್ಕಳು ಅಂಗಡಿಗೆ ಬಂದು ಕೇಳುತ್ತಿದ್ದರು.

ಈಗ ಅದೇ ಹೆಸರಿಗೆ ಕಾಲುಂಗುರ ಸಿಕ್ಕಿಕೊಂಡಿತ್ತು.

ಮರುದಿನ ಅವಳು ಅಂದಾನೆಪ್ಪನನ್ನು ಬಿಡದೆ ಮಾಳಿಗೆ ಹತ್ತಿಸಿದಳು. ತನ್ನ ಬಳಿ ಉಳಿದಿದ್ದ ಪ್ರತಿಯನ್ನು ಪರದೆಯ ಮೇಲೆ ತೆರೆದು, ಎಸಳಿನ ನಡುವಿನ ಕಟ್ಟಿನ ಚುಕ್ಕಿಗಳನ್ನು ಒಂದೊಂದಾಗಿ ಬೆರಳಿಟ್ಟು ತೋರಿಸಿದಳು. ಅಂದಾನೆಪ್ಪ ಕನ್ನಡಕ ಏರಿಸಿ ನೋಡಿದ.

“ಅದಾವಲ್ಲ?”

“ಅದಾವು. ಈಗ ಹಾಕಿರ್ತಿ ಬಿಡ. ಅವತ್ತ ಇದ್ವು ಅಂತ ನಾ ಏನ್ ಕಂಡೇನಿ?”

ಅವನು ಸಿಟ್ಟಿನಿಂದ ಹೇಳಲಿಲ್ಲ, ವ್ಯಾಪಾರಸ್ಥನ ಸಹಜ ಅನುಮಾನದಿಂದ ಹೇಳಿದ. ಅದೇ ಅವಳನ್ನು ಹೆಚ್ಚು ಉರಿಸಿತು. ಏಕೆಂದರೆ ತೋರಿಸಲು ಅವಳ ಬಳಿ ಪುರಾವೆ ಉಳಿದಿರಲಿಲ್ಲ. ಕಳಿಸಿದ ಫ್ಲಾಪಿಯನ್ನು ವಿರೂಪಾಕ್ಷ ಅಳಿಸಿ ಬೇರೆ ಕೆಲಸಕ್ಕೆ ಬಳಸಿಕೊಂಡಿದ್ದ. ಚೌಕಳಿ ಹಾಳೆಯಾಗಿದ್ದರೆ ತಿದ್ದಿದ ಕಡೆ ಮಸಿಯ ಕಲೆ ಉಳಿಯುತ್ತಿತ್ತು. ಕಂಪ್ಯೂಟರಿನ ಚಿತ್ರದಲ್ಲಿ ಅಳಿಸಿದ್ದಕ್ಕೂ ಹಾಕಿದ್ದಕ್ಕೂ ಗುರುತೇ ಇರುವುದಿಲ್ಲ. ಅಂದಾನೆಪ್ಪ ಮೆಟ್ಟಿಲಿಳಿಯುತ್ತ ಹಳೆಯ ಮಾಸ್ತರನನ್ನು ಕರೆಸುವ ವಿಚಾರ ಇದೆ ಎಂದ. ಬಾಯವ್ವನಿಗೆ ಸದ್ಯ ನೂಲು ಕೊಡುವುದಿಲ್ಲ ಎಂದೂ ಹೇಳಿದ.

“ಆಕೀದೇನ ತಪ್ಪು?” ಎಂದು ಅನ್ನಪೂರ್ಣಾ ಮೇಲಿನಿಂದಲೇ ಕೂಗಿದಳು.

“ನಿಂದೂ ತಪ್ಪಿಲ್ಲ, ಆಕೀದೂ ತಪ್ಪಿಲ್ಲ, ವಿರೂಪಾಕ್ಷಂದೂ ಇಲ್ಲ. ಹಂಗಾರ ಸೀರಿ ತಾನ ಕೆಟ್ಟಿತೇನ?”

ವಾರ ಕಳೆಯುವುದರೊಳಗೆ ಅವಳು ಬೈಲಹೊಂಗಲದ ಬಸ್ಸು ಹತ್ತಿದಳು. ಕೈಯಲ್ಲಿ, ಎದುರಿಗೇ ಹೊಡೆಸಿ ನೋಡಲು, ಬೇರೊಂದು ಡಿಸೈನಿನ ಫ್ಲಾಪಿ ಇತ್ತು. ವಿರೂಪಾಕ್ಷ ಮರ್ಯಾದಸ್ಥ ಹುಡುಗ. ಖುರ್ಚಿ ಒರೆಸಿ ಕೊಟ್ಟ, ಚಹಾ ತರಿಸಿದ. ಅವಳ ಎದುರಿಗೇ ಫೈಲನ್ನು ಚಿತ್ರ ಬಿಡಿಸುವ ಪ್ರೋಗ್ರಾಮಿನಲ್ಲಿ ತೆರೆದು, ದೊಡ್ಡದು ಮಾಡಿ, ಎಸಳುಗಳ ನಡುವಿನ ಚುಕ್ಕಿಗಳನ್ನು ಅಳಿಸತೊಡಗಿದ. ಅಕ್ಕಿಯಲ್ಲಿ ಕಲ್ಲು ಆರಿಸುವವನಂತೆ ನಿಧಾನವಾಗಿ, ಶ್ರದ್ಧೆಯಿಂದ.

“ಏನ್ ಮಾಡಾಕ ಹತ್ತೀರಿ?”

“ಕಸಾ ತಗ್ಯಾಕ ಹತ್ತೇನಿ ಟೀಚರ್ರ. ಎಲ್ಲಾರ ಡಿಸೈನಿನ್ಯಾಗೂ ಇರತೈತಿ. ಹಾಳಿ ಸ್ಕ್ಯಾನ್ ಮಾಡೂ ಮುಂದ ಧೂಳ ಕುಂತಿರತೈತಲ್ರಿ, ಅದು. ನಾ ಸ್ವಚ್ಛ ಮಾಡೇ ಹೊಡಿಯೂದು. ಇದಕ್ಕ ರೊಕ್ಕಾ ಹಚ್ಚೂದಿಲ್ಲ.”

ಅನ್ನಪೂರ್ಣಾ ಚಹಾದ ಕಪ್ಪನ್ನು ಕೆಳಗಿಟ್ಟಳು. ತನ್ನ ಹೆಸರನ್ನು ಕೆಡಿಸಿದ್ದು ಮತ್ಸರವಲ್ಲ, ಮೋಸವಲ್ಲ, ಒಂದು ಉಪಕಾರ ಎಂಬುದು ತಿಳಿದಾಗ ಅವಳಿಗೆ ಸಮಾಧಾನವಾಗಲಿಲ್ಲ. ಮೋಸಗಾರನಿಗೆ ತಾನು ಮಾಡಿದ್ದು ಗೊತ್ತಿರುತ್ತದೆ. ಇವನಿಗೆ ಅದೂ ಗೊತ್ತಿರಲಿಲ್ಲ. ನನ್ನ ಡಿಸೈನು ಹಾಳೆಯಿಂದ ಬಂದದ್ದಲ್ಲ, ಧೂಳು ಎಲ್ಲಿಂದ ಬರಬೇಕು ಎಂದು ಕೇಳಿದಳು. ಕಟ್ಟು ಎಂದರೆ ಏನೆಂದು ಬಿಡಿಸಿ ಹೇಳಿದಳು. ವಿರೂಪಾಕ್ಷ ಪರದೆಯನ್ನೂ ಅವಳನ್ನೂ ನೋಡಿದ. ಅವನ ಮುಖ ಸಣ್ಣದಾಯಿತು.

“ಆತ ಬಿಡ್ರಿ. ಇನ್ನ ಮುಂದ ತಗಿಯೂದಿಲ್ಲ.”

“ಇದನ್ನ ನಿಮ್ಮ ಮಾವಗ ಫೋನ್ ಮಾಡಿ ಹೇಳ್ರಿ.”

“ಅದ ಆಗೂದಿಲ್ರಿ ಟೀಚರ್ರ. ಮಾತುಕತಿ ನಡದೈತಿ. ಈಗ ನಾ ತಪ್ಪ ಮಾಡೇನಿ ಅಂದ್ರ ಹ್ಯಾಂಗ?”

“ಅಂದ್ರ ನಿಮ್ಮ ಮದಿವಿ ಆಗೂ ಮಟಾ ನನ್ನ ಹೆಸರ ಕೆಟ್ಟಿರಬೇಕು?”

ವಿರೂಪಾಕ್ಷ ಚಹಾದವನನ್ನು ಕೂಗಿ ಇನ್ನೊಂದು ಚಹಾ ಹೇಳಿದ. ಅವಳು ಕುಡಿಯದೆ ಎದ್ದಳು.

ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕುಳಿತಾಗ ಅವಳ ಕಿವಿಯಲ್ಲಿ ಉಳಿದದ್ದು ವಿರೂಪಾಕ್ಷನ ಮಾತಲ್ಲ, ಅಂದಾನೆಪ್ಪನದು. ‘ಅವತ್ತ ಇದ್ವು ಅಂತ ನಾ ಏನ್ ಕಂಡೇನಿ?’ ಹೌದು, ಅವನು ಕಂಡಿರಲಿಲ್ಲ. ಹಾಗಿದ್ದರೆ ಫೈಲು ತನ್ನ ಕೈ ಬಿಡುವ ಮೊದಲೇ ಅವನಿಗೆ ಏನಾದರೂ ಕಾಣಿಸಬೇಕು. ಚಿತ್ರವಲ್ಲ. ಚಿತ್ರ ಅವನಿಗೆ ತಿಳಿಯುವುದಿಲ್ಲ. ಅವನಿಗೆ ತಿಳಿಯುವುದು ಅಂಕಿ.

ಫೈಲು ಎಂದರೆ ಕೊನೆಗೂ ಅಂಕಿಗಳ ಸಾಲು. ಆ ಸಾಲನ್ನೆಲ್ಲ ಅರೆದು ಒಂದೇ ಅಂಕಿ ಮಾಡಿದರೆ, ಫೈಲಿನಲ್ಲಿ ಒಂದು ಚುಕ್ಕಿ ಬದಲಾದರೂ ಆ ಅಂಕಿ ಬದಲಾಗಬೇಕು. ಅವಳು ಮೊದಲು ಬರೆದ ಪ್ರೋಗ್ರಾಮು ಎಲ್ಲವನ್ನೂ ಬರೀ ಕೂಡಿಸುತ್ತಿತ್ತು. ಒಂದು ಚುಕ್ಕಿ ಅಳಿಸಿದಳು, ಅಂಕಿ ಬದಲಾಯಿತು. ಖುಷಿಯಾಯಿತು. ಆಮೇಲೆ ಅಳಿಸಿದ ಚುಕ್ಕಿಯನ್ನು ಅದರ ಕೆಳಗಿನ ಸಾಲಿಗೆ ಇಳಿಸಿ ಮತ್ತೆ ನಡೆಸಿದಳು. ಮೊದಲಿನದೇ ಅಂಕಿ ಬಂತು. ಚುಕ್ಕಿ ಜಾಗ ಬಿಟ್ಟಿದ್ದರೂ ಮೊತ್ತಕ್ಕೆ ಅದರ ಪರಿವೆ ಇರಲಿಲ್ಲ. ಇದನ್ನು ಹಿಡಿದು ಜಗಳಕ್ಕೆ ಹೋಗಿದ್ದರೆ ತನ್ನ ಗತಿ ಏನಾಗುತ್ತಿತ್ತು ಎಂದು ನೆನೆದು, ತನಗೇ ಎರಡು ಮಾತು ಬೈದುಕೊಂಡಳು. ಮಗ್ಗದ ಹಾಸಿನ ಉದ್ದ ಎಳೆಗಳನ್ನು ಎಣಿಸಿದರೆ ಸಾಲದು, ಯಾವ ಎಳೆ ಯಾವುದರ ಪಕ್ಕ ಇದೆ ಎಂಬುದೂ ಬೇಕು. ಮಗ್ಗದ ಮನೆಯವಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಡಿಪ್ಲೊಮಾದ ಪುಸ್ತಕವೊಂದರಲ್ಲಿ, ತಂತಿಯ ಮೇಲೆ ಕಳಿಸಿದ ಸಂದೇಶ ಕೆಡದೆ ಮುಟ್ಟಿತೇ ಎಂದು ನೋಡುವ ಲೆಕ್ಕದ ಪಾಠವಿತ್ತು. ಪರೀಕ್ಷೆಗೆ ಬರುವುದಿಲ್ಲ ಎಂದು ಮೇಷ್ಟ್ರು ಬಿಟ್ಟು ಹೋದ ಪಾಠ ಅದು. ಅದರಲ್ಲಿ ಪ್ರತಿ ಅಂಕಿಯೂ ತನ್ನ ಹಿಂದಿನದೆಲ್ಲದರ ಜೊತೆ ಬೆರೆತು ಮುಂದೆ ಸಾಗುತ್ತಿತ್ತು. ಆದ್ದರಿಂದ ಜಾಗ ಬದಲಾದರೂ ಉತ್ತರ ಬದಲಾಗುತ್ತಿತ್ತು. ಅವಳು ಅದನ್ನು ಸಿ ಭಾಷೆಯಲ್ಲಿ ಬರೆದಳು. ಪ್ರೋಗ್ರಾಮಿಗೆ ‘ತಾಳೆ’ ಎಂದು ಹೆಸರಿಟ್ಟಳು.

ಉಳಿದದ್ದು ಲೆಕ್ಕಕ್ಕಿಂತ ಕಠಿಣವಾದ ಕೆಲಸ: ಇದನ್ನು ಯಾರು, ಹೇಗೆ ಬಳಸುತ್ತಾರೆ ಎಂಬುದು. ತರಗತಿಯ ಹುಡುಗಿಯರು ಇದಕ್ಕೆ ಬಣ್ಣದ ಕಿಟಕಿ ಬೇಕು, ಒತ್ತಲು ಗುಂಡಿ ಬೇಕು, ಪಕ್ಕದಲ್ಲಿ ಚಿತ್ರವೂ ಕಾಣಬೇಕು ಎಂದರು. ಅನ್ನಪೂರ್ಣಾ ಯಾವುದನ್ನೂ ಒಪ್ಪಲಿಲ್ಲ. ಚಿತ್ರ ಕಂಡಿತೆಂದರೆ ತಿದ್ದಲು ಕೈ ಹೋಗುತ್ತದೆ. ಮೇಲಾಗಿ ಆ ದಿನಗಳಲ್ಲಿ ಯಾವಾಗ ಕರೆಂಟು ಹೋಗುತ್ತದೋ ಎಂಬ ಭಯಕ್ಕೆ ಎಲ್ಲರ ಬೆರಳೂ ತಾನಾಗಿಯೇ ಸೇವ್ ಒತ್ತುತ್ತಿತ್ತು. ಅವಳೇ ತರಗತಿಯಲ್ಲಿ ಹಾಗೆ ಕಲಿಸಿದ್ದಳು. ಆದ್ದರಿಂದ ಇದು ಫೈಲನ್ನು ತೆರೆದು ತೋರಿಸಬಾರದು, ಏನನ್ನೂ ಬರೆಯಬಾರದು, ಏನನ್ನೂ ಕೇಳಬಾರದು. ಕಪ್ಪು ಪರದೆಯ ಮೇಲೆ ಪ್ರೋಗ್ರಾಮಿನ ಹೆಸರು, ಅದರ ಮುಂದೆ ಫೈಲಿನ ಹೆಸರು ಟೈಪ್ ಮಾಡಿ ಎಂಟರ್ ಒತ್ತಿದರೆ ಒಂದು ಅಂಕಿ ಹೇಳಿ ಸುಮ್ಮನಾಗಬೇಕು. ವಿರೂಪಾಕ್ಷನ ಕಾರ್ಡು ಹೊಡೆಯುವ ಯಂತ್ರವೂ ಅದೇ ಕಪ್ಪು ಪರದೆಯಿಂದಲೇ ನಡೆಯುತ್ತಿತ್ತು. ಹೊಡೆಯುವ ಮುನ್ನ ಇನ್ನೊಂದು ಸಾಲು ಟೈಪ್ ಮಾಡಿದರೆ ಆಯಿತು.

ಪುಸ್ತಕದ ಪ್ರಕಾರ ಉತ್ತರದಲ್ಲಿ ಇಂಗ್ಲಿಷ್ ಅಕ್ಷರಗಳೂ ಬೆರೆತು ಬರುತ್ತಿದ್ದವು. ಫೋನಿನಲ್ಲಿ ಅಂದಾನೆಪ್ಪನಿಗೆ ಇದನ್ನು ಓದಿ ಹೇಳುವವರು ಯಾರು? ಅವಳು ಬರೀ ಅಂಕಿ ಬರುವಂತೆ ಮಾಡಿ, ನಡುವೆ ಜಾಗ ಬಿಡಿಸಿದಳು. ಫೈಲಿನ ಹೆಸರಿನ ಮುಂದೆ ಹಳೆಯ ಅಂಕಿಯನ್ನೂ ಟೈಪ್ ಮಾಡಿದರೆ, ಹೋಲಿಸಿ ನೋಡಿ ‘ಒಂದೇ’ ಅಥವಾ ‘ಬೇರೆ’ ಎಂದು ಹೇಳುವಂತೆ ಮಾಡಿದಳು. ಆ ಯಂತ್ರಕ್ಕೆ ಕನ್ನಡ ಬಾರದ್ದರಿಂದ ಆ ಎರಡು ಮಾತುಗಳನ್ನೂ ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಬೇಕಾಯಿತು. ‘ಬಹುಶಃ’ ಎಂಬ ಉತ್ತರ ಅದರಲ್ಲಿ ಇರಲಿಲ್ಲ.

ಅಂಕಿಯನ್ನು ಎಲ್ಲಿ ಇಡುವುದು? ಫ್ಲಾಪಿಯ ಜೊತೆಗೇ ಕಳಿಸಿದರೆ, ಫೈಲನ್ನು ತಿದ್ದಿದವನು ತಾಳೆ ನಡೆಸಿ ಹೊಸ ಅಂಕಿಯನ್ನೂ ಬರೆದುಬಿಡಬಹುದು. ಆದ್ದರಿಂದ ಫ್ಲಾಪಿ ಒಂದು ದಾರಿ, ಅಂಕಿ ಇನ್ನೊಂದು ದಾರಿ. ಅವಳು ಅಂದಾನೆಪ್ಪನ ಅಂಗಡಿಗೆ ಹೋಗಿ, ಬಾಗಿಲ ಹಲಗೆಯ ಒಳಬದಿಯಲ್ಲಿ ಸೀಮೆಸುಣ್ಣದಿಂದ ಹೊಸ ಡಿಸೈನಿನ ಅಂಕಿಯನ್ನು ದೊಡ್ಡದಾಗಿ ಬರೆದಳು.

“ಇದೇನಬೇ, ಅಂಗಡಿಗೆ ಮಾಟಾ ಮಾಡಾಕ ಹತ್ತಿಯೇನು?” ಎಂದ ಅಂದಾನೆಪ್ಪ.

“ನೀವ ಏನೂ ಕಂಡಿಲ್ಲ ಅಂದ್ರಲ್ಲ ಸಾವಕಾರ್ರ. ಈಗ ಕಣ್ಣ ಮುಂದ ಬರದೇನಿ. ಕಾರ್ಡ ಹೊಡಿಯೂಕಿಂತ ಮೊದಲ ವಿರೂಪಾಕ್ಷ ನಿಮಗ ಫೋನ್ ಮಾಡಿ ಅಂಕಿ ಹೇಳಬೇಕು. ಇದಾ ಅಂಕಿ ಬಂದ್ರ ಅದು ನನ್ನ ಡಿಸೈನ್. ಆಮ್ಯಾಲ ಸೀರಿ ಕೆಟ್ರ ಪೂರಾ ತಪ್ಪ ನಂದು. ನಾ ಮತ್ತ ನಿಮ್ಮ ಕಟ್ಟಿ ಹತ್ತೂದಿಲ್ಲ. ಬ್ಯಾರೆ ಬಂದ್ರ ಕಾರ್ಡ ಹೊಡಸಬ್ಯಾಡ್ರಿ.”

ಅಂದಾನೆಪ್ಪ ಆಗಲಿ ಎಂದ. ಹಳೆಯ ಮಾಸ್ತರ ಕಣ್ಣು ಮಂಜಾಗಿದೆ ಎಂದು ಹೇಳಿ ಕಳಿಸಿದ್ದರಿಂದ ಅವನಿಗೂ ಬೇರೆ ದಾರಿ ಇರಲಿಲ್ಲ.

ದೀಪಾವಳಿಗೆ ಬೇಕಾಗಿದ್ದ ಆ ಹೊಸ ಡಿಸೈನು ನವಿಲಿನ ದಡಿ. ಅನ್ನಪೂರ್ಣಾ ಫ್ಲಾಪಿಗೆ ತಾಳೆಯನ್ನೂ ಹಾಕಿ, ಮೂಲೆಯ ಸಣ್ಣ ಬೀಗವನ್ನು, ಯಾರೂ ಅದರ ಮೇಲೆ ಬರೆಯಲಾಗದಂತೆ, ಸರಿಸಿ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟಳು. ಮರುದಿನ ಮಧ್ಯಾಹ್ನ ಫೋನ್ ಬಂತು. ಅಂದಾನೆಪ್ಪ ರಿಸೀವರನ್ನು ಹೆಗಲಿಗೆ ಒತ್ತಿಕೊಂಡು ಹಲಗೆಯ ಮುಂದೆ ನಿಂತ. ವಿರೂಪಾಕ್ಷ ಹೇಳಿದ ಮೊದಲ ಅಂಕಿಯೇ ಹಲಗೆಯ ಮೇಲಿನದಕ್ಕೆ ಹೊಂದಲಿಲ್ಲ. ಮತ್ತೊಮ್ಮೆ ಹೇಳಿಸಿದ. ಆಗಲೂ ಹೊಂದಲಿಲ್ಲ.

“ನೀ ಏನರ ಮುಟ್ಟೀದಿ ಏನಪಾ?”

“ಇಲ್ಲ ಮಾವಾ. ದೇವರಾಣಿ, ಒಂದ ಚುಕ್ಕಿ ತಗದಿಲ್ಲ.”

ಅಂದಾನೆಪ್ಪ ಮಾಳಿಗೆಗೆ ಹೇಳಿ ಕಳಿಸಿದ. ಅನ್ನಪೂರ್ಣಾ ಬಂದಾಗ ಅವನ ಮುಖದಲ್ಲಿ ಹಳೆಯ ತೀರ್ಪೇ ಇತ್ತು. “ನಿನ್ನ ಪ್ರೋಗ್ರಾಮ್ ತಪ್ಪೈತಿ ತಂಗಿ. ಹುಡುಗ ದೇವರಾಣಿ ಮಾಡಾಕ ಹತ್ತ್ಯಾನ.”

“ಪ್ರೋಗ್ರಾಮಿಗೆ ಆಣಿ ಮಾಡಾಕ ಬರೂದಿಲ್ರಿ. ಏಳ್ರಿ, ಬೈಲಹೊಂಗಲಕ್ಕ ಹೋಗೂಣು.”

ವಿರೂಪಾಕ್ಷನ ಅಂಗಡಿಯಲ್ಲಿ ಅವಳು ಕೂರಲೂ ಇಲ್ಲ. ನಿಂತೇ ಟೈಪ್ ಮಾಡಿದಳು. ಮೊದಲು ತಾನು ಕಳಿಸಿದ ಫ್ಲಾಪಿಯ ಮೇಲಿನ ಫೈಲು. ಅಂದಾನೆಪ್ಪ ಅಂಗೈಯಲ್ಲಿ ಬರೆದುಕೊಂಡು ಬಂದಿದ್ದ ಅಂಕಿಯನ್ನು ಪರದೆಯ ಜೊತೆ ಹಿಡಿದು ನೋಡಿದ. ಒಂದೇ. ಆಮೇಲೆ ವಿರೂಪಾಕ್ಷ ತನ್ನ ಯಂತ್ರಕ್ಕೆ ಇಳಿಸಿಕೊಂಡಿದ್ದ ಫೈಲು. ಬೇರೆ.

ಅಂದಾನೆಪ್ಪ ಅಳಿಯನ ಕಡೆ ತಿರುಗಿದ. “ಚುಕ್ಕಿ ತಗದಿಲ್ಲ ಅಂದಿ?”

“ತಗದಿಲ್ಲ ಮಾವಾ.” ವಿರೂಪಾಕ್ಷ ಕೀಬೋರ್ಡ್ ನೋಡುತ್ತ ಹೇಳಿದ. “ಹಾಕೇನಿ. ನವಿಲಿಗೆ ಕಣ್ಣ ಭಾಳ ಸಣ್ಣ ಇತ್ತ. ಚಂದ ಕಾಣಲಿ ಅಂತ ಒಂದೀಟ ದೊಡ್ಡದ ಮಾಡಿದೆ.”

ಅನ್ನಪೂರ್ಣಾಳ ಧ್ವನಿ ಬಸ್‌ಸ್ಟ್ಯಾಂಡಿನವರೆಗೆ ಕೇಳಿಸಿತು ಎನ್ನುವವರಿದ್ದಾರೆ. “ನವಿಲಿಗೆ ಕಣ್ಣ ಎಷ್ಟ ಇರಬೇಕಂತ ನಿನ್ನ ಕೇಳಿದಾವ್ರ ಯಾರೋ? ನಿನ್ನ ಕೈಗೆ ಕೊಟ್ಟಿದ್ದನ್ನ ಕೊಟ್ಟಂಗ ಹೊಡ್ಯಾಕ ಏನ ಧಾಡಿ? ಮದ್ಲ ಕಸಾ ಅಂತ ಕಟ್ಟ ತಗದಿ, ನಾ ಬಾಯಿ ಮುಚಗೊಂಡ ಹೋದೆ. ಈಗ ಕಣ್ಣ ತಿದ್ದೀದಿ. ನಾಳೆ ಮತ್ತೇನ ತಿದ್ದತಿ?”

ಅಂದಾನೆಪ್ಪನ ಕಿವಿಗೆ ಬಿದ್ದದ್ದು ನವಿಲಲ್ಲ. “ಕಟ್ಟ ತಗದಿದ್ದೇನು? ಆ ಹೂವಿನ ದಡಿಯಾಗ?”

ವಿರೂಪಾಕ್ಷ ತಲೆಯಾಡಿಸಿದ. ಧೂಳು ಎಂದುಕೊಂಡಿದ್ದೆ ಎಂದು ಮೆಲ್ಲಗೆ ಹೇಳಿದ.

ಅಂದಾನೆಪ್ಪ ಗಡ್ಡ ಸವರುತ್ತ ಹೇಳಿದ: “ಹೋಗಲಿ ಬಿಡ ತಂಗಿ. ಮನಿ ಹುಡುಗ. ಆಗಿದ್ದ ಆಗಿ ಹೋತು. ಫ್ಲಾಪಿ ಕೊಡ, ಈಗ ಹೊಡಸೂಣು. ಹಬ್ಬ ಹತ್ರ ಬಂತು.”

ಅನ್ನಪೂರ್ಣಾ ಫ್ಲಾಪಿಯನ್ನು ಯಂತ್ರದಿಂದ ತೆಗೆದು ಚೀಲಕ್ಕೆ ಹಾಕಿಕೊಂಡಳು.

“ನಂದು, ಬಾಯವ್ವಂದು ಹೆಸರ ಕೆಟ್ಟಿದ್ದು ನಿಮ್ಮ ಅಂಗಡ್ಯಾಗ, ಹತ್ತ ಮಂದಿ ಮುಂದ. ಅದು ಅಲ್ಲೇ ಸುದ್ದ ಆಗಬೇಕು. ಆಮ್ಯಾಲ ಫ್ಲಾಪಿ.”

ಹಬ್ಬ ಹತ್ತಿರವಿತ್ತು. ಬೇರೆ ಯಾವ ಕಾರಣಕ್ಕೂ ಅಂದಾನೆಪ್ಪ ಮಣಿಯುತ್ತಿರಲಿಲ್ಲ ಎಂದು ಅವಳು ಇಂದಿಗೂ ಹೇಳುತ್ತಾಳೆ. ಸೋಮವಾರ ಸುರೇಬಾನದ ನೇಕಾರರು ನೂಲಿಗೆ ಬರುವ ದಿನ. ಬಾಯವ್ವನಿಗೂ ಹೇಳಿ ಕಳಿಸಿದ್ದರು. ಅಂಗಡಿ ತುಂಬಿದಾಗ ಅಂದಾನೆಪ್ಪ ಗಂಟಲು ಸರಿಮಾಡಿಕೊಂಡ.

“ಬಾಯವ್ವಾ, ಆ ಸೀರಿ ಕೆಟ್ಟಿದ್ದಕ್ಕ ನಿನ್ನ ಕೈ ಕಾರಣ ಅಲ್ಲ. ಅನ್ನಪೂರ್ಣಾಂದೂ ಅಲ್ಲ. ಮಷಿನ್ದಾಗ ಏನೋ ತಪ್ಪ ಆಗಿತ್ತಂತ.”

ನೇಕಾರರು ಹೌದೌದು ಎಂದರು. ಮಾತು ಅಲ್ಲಿಗೆ ಮುಗಿಯಬಹುದಿತ್ತು. ಅಂದಾನೆಪ್ಪ ಆಗಲೇ ನೂಲಿನ ಗಂಟಿಗೆ ಕೈ ಹಾಕಿದ್ದ.

“ಮಷಿನ್ದಲ್ರಿ,” ಎಂದಳು ಅನ್ನಪೂರ್ಣಾ. “ಮಷಿನ್ ಪಾಪ ಹೇಳಿದಂಗ ಹೊಡದೈತಿ. ಕಟ್ಟ ತಗದಾವ್ರ ಹೆಸರ ಹೇಳ್ರಿ.”

ಅಂದಾನೆಪ್ಪ ಹಲಗೆಯ ಮೇಲಿನ ಅಂಕಿಯನ್ನು ನೋಡಿದ, ಬೀದಿಯನ್ನು ನೋಡಿದ. “ವಿರೂಪಾಕ್ಷ ತಗದಾನ,” ಎಂದ. “ನಮ್ಮ ವಿರೂಪಾಕ್ಷ.”

ಬಾಯವ್ವ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. “ಇಷ್ಟ ಹೇಳಾಕ ನಿಮಗ ಹಬ್ಬ ಬರಬೇಕಾತ ನೋಡ್ರಿ ಸಾವಕಾರ್ರ. ನನ್ನ ಮಗ್ಗದಾಗ ಜ್ಯಾಡ ಮನಿ ಕಟ್ಟೈತಿ.”

ಅನ್ನಪೂರ್ಣಾ ನಗಲಿಲ್ಲ. ಚೀಲದಿಂದ ಫ್ಲಾಪಿ ತೆಗೆದು ಗಲ್ಲಾಪೆಟ್ಟಿಗೆಯ ಮೇಲಿಟ್ಟಳು. ಆಮೇಲೆ ಸೀಮೆಸುಣ್ಣ ತೆಗೆದುಕೊಂಡು, ಕೈ ತಾಗಿ ಮಾಸಿದ್ದ ಅಂಕಿಯನ್ನು ಹಲಗೆಯ ಮೇಲೆ ಮತ್ತೊಮ್ಮೆ ತಿದ್ದಿ ಬರೆದಳು.

“ಹೊಡಿಯೂಕಿಂತ ಮೊದಲ ಅಂವಾ ಫೋನ್ ಮಾಡಬೇಕು,” ಎಂದಳು. “ಮನಿ ಹುಡುಗ ಆದ್ರೂ.”